ಹೆಸರಿನ ಜಗಳ: ಮೈಸೂರಿನ ಬಿಸ್ಕತ್ತಿನಿಂದ ಬೆಂಗಳೂರಿನ ಹೋಟೆಲಿನವರೆಗೆ

ಭಾರತದ ಟ್ರೇಡ್‌ಮಾರ್ಕ್ ಕಾನೂನು ಈವರೆಗೆ ಮೂರು ರೂಪ ತಾಳಿದೆ: 1940ರದು, 1958ರದು, ಈಗಿನ 1999ರದು. ಕೊನೆಯದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್‌ನಲ್ಲಿ. ಆದರೆ ಎಲ್ಲಿಗೆ ಹೋಲಿಕೆ ಮುಗಿದು ಎಲ್ಲಿ ಉಲ್ಲಂಘನೆ ಶುರುವಾಗುತ್ತದೆ ಎಂಬ ಗೆರೆ ಎಳೆದದ್ದು ನ್ಯಾಯಾಲಯಗಳು. ಆ ಗೆರೆ ಹೇಗೆ ಸರಿಯುತ್ತ ಬಂತು ಎಂಬುದನ್ನು ನಮ್ಮ ಕರ್ನಾಟಕದ ನಾಲ್ಕು ವ್ಯಾಜ್ಯಗಳಲ್ಲೇ ನೋಡಬಹುದು. ನಾಲ್ಕರಲ್ಲೂ ಇಲ್ಲಿನ ಹೈಕೋರ್ಟ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ ತಿರುಗಿಸಿತು.

ಮೊದಲನೆಯದು 1972ರ ತೀರ್ಪು. ಪಾರ್ಲೆ ಬಿಸ್ಕತ್ತಿನ ಹೊದಿಕೆಯ ಮೇಲೆ ಹಸು, ಕೋಳಿಗಳ ನಡುವೆ ನಿಂತ ಹುಡುಗಿಯ ಚಿತ್ರವಿತ್ತು. ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ಹೊದಿಕೆಯಲ್ಲೂ ಹುಡುಗಿ, ಹಸು, ಕೋಳಿಗಳಿದ್ದವು. ಬಣ್ಣ, ಅಳತೆಗಳೂ ಹತ್ತಿರ. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತಿತ್ತು, ಕೆಳಗಿನ ಎರಡು ನ್ಯಾಯಾಲಯಗಳೂ ದಾವೆ ತಳ್ಳಿಹಾಕಿದ್ದವು. ಪಕ್ಕಪಕ್ಕ ಇಟ್ಟು ನೋಡುವುದೇ ತಪ್ಪು ಎಂದಿತು ಸುಪ್ರೀಂ ಕೋರ್ಟ್. ಗಿರಾಕಿ ಅಂಗಡಿಗೆ ಬರುವುದು ಅರೆಬರೆ ನೆನಪಿನೊಂದಿಗೆ. ಆ ನೆನಪು ಮೋಸಹೋಗುವಷ್ಟು ಹೋಲಿಕೆ ಇದ್ದರೆ ಸಾಕು. ಈ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ.

ನೋಂದಣಿಯೇ ಇಲ್ಲದಿದ್ದರೆ? ಬಳಕೆಯಿಂದ ಹೆಸರು ಗಳಿಸಿದವರು ‘ಪಾಸಿಂಗ್ ಆಫ್’ ದಾವೆ ಹೂಡಬಹುದು. ತನ್ನ ಸರಕನ್ನು ಇನ್ನೊಬ್ಬರದೆಂದು ದಾಟಿಸುವುದರ ವಿರುದ್ಧದ ಪರಿಹಾರವಿದು. ಇದು ಇಂಟರ್ನೆಟ್ಟಿಗೂ ಅನ್ವಯಿಸುತ್ತದೆ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. 1999ರಿಂದ ‘ಸಿಫಿ’ ಎಂಬ ಡೊಮೇನ್ ಹೆಸರು ಬಳಸುತ್ತಿದ್ದ ಸತ್ಯಂ ಇನ್ಫೋವೇ, ಆಮೇಲೆ ಬಂದ ‘ಸಿಫಿನೆಟ್’ ವಿರುದ್ಧ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಪಡೆದಿತ್ತು. ಹೈಕೋರ್ಟ್ ಅದನ್ನು ತೆರವುಗೊಳಿಸಿತು, ಸುಪ್ರೀಂ ಕೋರ್ಟ್ ಮರಳಿ ಕೊಟ್ಟಿತು. ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದೆಂದು ಅಂದು ಸ್ಥಿರವಾಯಿತು.

2018ರ ನಂದಿನಿ ಪ್ರಕರಣ ಗೆರೆಯನ್ನು ಇನ್ನೊಂದು ಬದಿಗೆ ಎಳೆಯಿತು. ಕರ್ನಾಟಕ ಹಾಲು ಮಹಾಮಂಡಳ ಕೆಎಂಎಫ್‌ನ ‘ನಂದಿನಿ’ 1985ರದು, ‘ನಂಧಿನಿ ಡೀಲಕ್ಸ್’ ರೆಸ್ಟೋರೆಂಟ್ 1989ರದು. ನಂದಿನಿ ಪುರಾಣದ ಕಾಮಧೇನುವಿನ ಕುಲದ ಹಸುವಿನ ಹೆಸರು, ಯಾರೂ ಹೊಸದಾಗಿ ಸೃಷ್ಟಿಸಿದ ಪದವಲ್ಲ. ಎರಡರ ಚಿತ್ರವಿನ್ಯಾಸವೂ ಬೇರೆ. ಸರಕುಗಳು ನೋಂದಣಿಯ ಒಂದೇ ವರ್ಗದಲ್ಲಿ ಬಂದ ಮಾತ್ರಕ್ಕೆ ಒಂದೇ ಆಗುವುದಿಲ್ಲ, ಹಾಲಿಗೆ ನೋಂದಣಿ ಪಡೆದವರಿಗೆ ಇಡೀ ವರ್ಗದ ಮೇಲೆ ಏಕಸ್ವಾಮ್ಯ ದಕ್ಕುವುದಿಲ್ಲ ಎಂದಿತು ನ್ಯಾಯಾಲಯ. ಹಾಲು, ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದವಕ್ಕೆ ರೆಸ್ಟೋರೆಂಟಿಗೆ ನೋಂದಣಿಯ ದಾರಿ ತೆರೆಯಿತು.

ಹೆಸರೂ ಒಂದೇ, ವ್ಯವಹಾರವೂ ಒಂದೇ ಆದರೆ ಲೆಕ್ಕ ಬೇರೆ. ಬೆಂಗಳೂರು, ಪುಟ್ಟಪರ್ತಿಗಳ ‘ಸಾಯಿ ರಿನೈಸಾನ್ಸ್’ ಹೋಟೆಲುಗಳ ಮೇಲೆ ‘ರಿನೈಸಾನ್ಸ್’ ಹೋಟೆಲಿನವರು ದಾವೆ ಹೂಡಿದಾಗ, ಎರಡರ ಗಿರಾಕಿಗಳೇ ಬೇರೆ ಎಂದು ಹೈಕೋರ್ಟ್ ಅದನ್ನು ವಜಾ ಮಾಡಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನೋಂದಾಯಿತ ಹೆಸರನ್ನೇ ಅದೇ ಸೇವೆಗೆ ಬಳಸಿದರೆ ಗೊಂದಲವಾಗುತ್ತದೆ ಎಂದು 1999ರ ಕಾನೂನಿನ 29ನೇ ಸೆಕ್ಷನ್ನೇ ಭಾವಿಸುತ್ತದೆ; ಮಾಲೀಕ ಬೇರೆ ಸಾಕ್ಷ್ಯ ಹುಡುಕಬೇಕಿಲ್ಲ.

ಇವಿಷ್ಟರಿಂದ ಉದ್ಯಮಿ ಕಲಿಯಬೇಕಾದದ್ದೇನು? ನೋಂದಣಿ ಬಲ ಕೊಡುತ್ತದೆ, ಆದರೆ ಎಲ್ಲವೂ ಅದೇ ಅಲ್ಲ: 34ನೇ ಸೆಕ್ಷನ್ ಪ್ರಕಾರ, ತಮಗಿಂತ ಮೊದಲಿನಿಂದ ಹೆಸರನ್ನು ಬಳಸುತ್ತ ಬಂದವರನ್ನು ನೋಂದಣಿ ಪಡೆದವರು ತಡೆಯಲಾರರು. ಆದ್ದರಿಂದ ಮೊದಲ ಬಿಲ್, ಮೊದಲ ಜಾಹೀರಾತು ಜೋಪಾನ. ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಬಳಸದೆ ಐದು ವರ್ಷ ಬಿಟ್ಟರೆ ಅದನ್ನು ರದ್ದುಮಾಡಿಸಲು ಎದುರಾಳಿಗೆ ಅವಕಾಶವಾಗುತ್ತದೆ. ಬೇರೊಬ್ಬರು ಪ್ರಾಮಾಣಿಕವಾಗಿ ನೋಂದಾಯಿಸಿಕೊಂಡು ಬಳಸುತ್ತಿರುವುದು ತಿಳಿದೂ ಐದು ವರ್ಷ ಸುಮ್ಮನಿದ್ದರೆ ಆಕ್ಷೇಪಿಸುವ ಹಕ್ಕು ಹೋಗುತ್ತದೆ. ಗೆದ್ದವರಿಗೆ ತಡೆಯಾಜ್ಞೆ, ನಷ್ಟಪರಿಹಾರ ಇಲ್ಲವೇ ಎದುರಾಳಿ ಗಳಿಸಿದ ಲಾಭ ಸಿಗಬಹುದು. ನಕಲಿ ಗುರುತು ಹಾಕಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲೂ ಉಂಟು.

ಕಾನೂನು ಬಲ್ಲ ನ್ಯಾಯಮೂರ್ತಿಗಳೇ ಒಂದೇ ಹೊದಿಕೆ, ಒಂದೇ ಹೆಸರನ್ನು ನೋಡಿ ನಾಲ್ಕು ಸಲ ಬೇರೆಬೇರೆ ತೀರ್ಮಾನಕ್ಕೆ ಬಂದಿದ್ದಾರೆ. ಹಾಗಿರುವಾಗ ‘ಒಂದಕ್ಷರ ಬದಲಿಸಿದ್ದೇವಲ್ಲ’ ಎಂಬ ಧೈರ್ಯಕ್ಕೆ ವರ್ಷಗಟ್ಟಲೆ ಕಟ್ಟಿದ ವ್ಯಾಪಾರವನ್ನು ಒಡ್ಡುವುದು ಜಾಣತನವಲ್ಲ. ಬೋರ್ಡು ಬರೆಸುವ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಹುಡುಕಿ, ವಾದಕ್ಕೇ ಎಡೆಯಿಲ್ಲದ ಹೆಸರು ಆರಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ರಕ್ಷಣೆ.