ಎರಡು ಸಲ ಮುಳುಗಿದ ಬೋಟು, 60 ಲಕ್ಷ ಡಾಲರ್ ರಿಪೇರಿ: ವೆಸ್ಟರ್ನ್ ಫ್ಲೈಯರ್ ಕಥೆ

ಇವತ್ತಿನ ಸಂಚಿಕೆ ಒಂದು ಹಳೆ ಮೀನುಗಾರಿಕೆ ಬೋಟಿನ ಬಗ್ಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ, 2012 ಮತ್ತು 2013ರ ನಡುವೆ ಕೆಲವೇ ತಿಂಗಳ ಅಂತರದಲ್ಲಿ ಅದು ಎರಡು ಸಲ ಮುಳುಗಿತು. ಎರಡನೇ ಸಲ ಮೇಲೆತ್ತಿದಾಗ ಮೈ ತುಂಬ ಕೆಸರು, ಪಾಚಿ, ಕೊಳೆತ ಮರ. ಗುಜರಿಗೂ ಬೇಡ ಅನ್ನೋ ಸ್ಥಿತಿ. ಅಂಥ ಬೋಟನ್ನ 2015ರಲ್ಲಿ ಒಬ್ಬರು 10 ಲಕ್ಷ ಡಾಲರ್ ಕೊಟ್ಟು ಕೊಂಡರು. ಆಮೇಲೆ ರಿಪೇರಿಗೆ 60 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚಾಯಿತು.

ಇದು ಹುಚ್ಚಾ, ಅಥವಾ ಸರಿಯಾದ ತೀರ್ಮಾನವಾ? ಉತ್ತರ ಸಿಗಬೇಕಾದರೆ ಬೋಟಿನ ಚರಿತ್ರೆಗೆ ಹೋಗಬೇಕು.

ಬೋಟಿನ ಹೆಸರು ವೆಸ್ಟರ್ನ್ ಫ್ಲೈಯರ್. 1937ರಲ್ಲಿ ಟಕೋಮಾ ಊರಿನ ವೆಸ್ಟರ್ನ್ ಬೋಟ್ ಬಿಲ್ಡಿಂಗ್ ಕಂಪನಿಯಲ್ಲಿ ಕಟ್ಟಿದ್ದು. ಉದ್ದ ಸುಮಾರು 77 ಅಡಿ, ಪೂರ್ತಿ ಮರದ್ದು. ನಮ್ಮ ಮಲ್ಪೆ, ಮಂಗಳೂರಿನವರಿಗೆ ಇದರ ಜಾತಿ ಚೆನ್ನಾಗಿ ಗೊತ್ತು: ಪರ್ಸೀನ್ ಬೋಟು. ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟು, ಕೆಳಗಿನ ಹಗ್ಗ ಎಳೆದು, ಸಂಚಿಯ ಬಾಯಿ ಬಿಗಿದ ಹಾಗೆ ಮುಚ್ಚಿ ಹಿಡಿಯೋದು. ನಮ್ಮಲ್ಲಿ ಬೂತಾಯಿ, ಬಂಗುಡೆ ಹಿಡಿದ ಹಾಗೆ ಅಲ್ಲಿ ಸಾರ್ಡೀನ್. ನಮ್ಮ ಬೂತಾಯಿಯ ಹತ್ತಿರದ ನೆಂಟ ಅನ್ನಿ.

ಆ ಹೊತ್ತು ಹೇಗಿತ್ತು ಅಂದರೆ, 1936-37ರ ಒಂದೇ ಋತುವಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ 7 ಲಕ್ಷ ಟನ್ನಿಗೂ ಹೆಚ್ಚು ಸಾರ್ಡೀನ್ ಹಿಡಿದರು. ಮಾಂಟೆರೆ ಅನ್ನೋ ಊರಿನ ಸಮುದ್ರದ ಬದಿಯ ಬೀದಿಯಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗಳ ಸಾಲು. ಅದೇ ಬೀದಿಯಲ್ಲಿ ಎಡ್ ರಿಕೆಟ್ಸ್ ಅನ್ನೋ ಕಡಲಜೀವಿ ತಜ್ಞನ ಪ್ರಯೋಗಾಲಯ. ಅವನ ಜೀವದ ಗೆಳೆಯ ಜಾನ್ ಸ್ಟೈನ್‌ಬೆಕ್. ಮುಂದೆ 1962ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ.

1940ರ ಮಾರ್ಚ್‌ನಲ್ಲಿ ಇವರಿಬ್ಬರೂ ಈ ಬೋಟನ್ನ ಬಾಡಿಗೆಗೆ ಹಿಡಿದು ಮೆಕ್ಸಿಕೋ ಕಡೆ ಹೊರಟರು. ಆರು ವಾರ, ಸುಮಾರು 4,000 ಮೈಲಿ ಪಯಣ. ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ನೀರು ಇಳಿದಾಗಲೆಲ್ಲ ಬಂಡೆಗಳ ಮಧ್ಯೆ ಹುಡುಕಿ, 500ಕ್ಕೂ ಹೆಚ್ಚು ಬಗೆಯ ಜೀವಿಗಳನ್ನ ಸಂಗ್ರಹಿಸಿದರು. 1941ರಲ್ಲಿ ಇದರ ಬಗ್ಗೆ ‘ಸೀ ಆಫ್ ಕಾರ್ಟೆಜ್’ ಪುಸ್ತಕ ಬಂತು. ಒಂದು ಜೀವಿಯನ್ನ ಒಂಟಿಯಾಗಿ ನೋಡಬೇಡಿ, ಅದರ ಸುತ್ತಲಿನ ಜೀವಗಳ ಜೊತೆ ಇಟ್ಟು ನೋಡಿ ಅನ್ನೋ ದೃಷ್ಟಿ ಅದರಲ್ಲಿತ್ತು. ಪರಿಸರ ವಿಜ್ಞಾನ ಅನ್ನೋ ಮಾತು ಮನೆಮಾತಾಗುವ ಮೊದಲೇ!

ಬೋಟಿಗೆ ಖ್ಯಾತಿ ಬಂದಿದ್ದು ಈ ಆರು ವಾರದಿಂದ. ಆದರೆ ಅದು ದುಡಿದಿದ್ದು ದಶಕಗಟ್ಟಲೆ. ನನ್ನ ಪ್ರಕಾರ ನಿಜವಾದ ಚರಿತ್ರೆ ಇರೋದು ಆ ಉಳಿದ ವರ್ಷಗಳಲ್ಲಿ.

1940ರ ದಶಕದ ಕೊನೆಗೆ ಮಾಂಟೆರೆಯ ಸಾರ್ಡೀನ್ ಖಾಲಿ. ಸಮುದ್ರದ ಸ್ಥಿತಿಯೂ ಬದಲಾಗಿತ್ತು, ಮನುಷ್ಯರೂ ಮಿತಿಮೀರಿ ಹಿಡಿದಿದ್ದರು. ಹೀಗೆ ಹಿಡಿದರೆ ಕಷ್ಟ ಅಂತ ರಿಕೆಟ್ಸ್ ಎಚ್ಚರಿಸಿದ್ದ. 1948ರಲ್ಲಿ ಅವನ ಕಾರಿಗೆ ರೈಲು ಬಡಿದು ತೀರಿಕೊಂಡ. ಬೋಟು ಉತ್ತರಕ್ಕೆ ಹೋಯಿತು. ಬಲೆ ಬದಲಾಯಿಸಿ ಟ್ರಾಲರ್ ಮಾಡಿದರು, ಪರ್ಚ್ ಅನ್ನೋ ಮೀನು ಹಿಡಿಯಿತು. 1960ರ ದಶಕದಲ್ಲಿ ಸೋವಿಯತ್ ಹಡಗುಗಳೂ ಬಂದು ಆ ಮೀನೂ ಬರಿದಾಯಿತು. ಆಮೇಲೆ ಅಲಾಸ್ಕಾದಲ್ಲಿ ಕಿಂಗ್ ಏಡಿ. ಅದಾದ ಮೇಲೆ ಬೇರೆ ಬೋಟುಗಳು ಹಿಡಿದ ಸಾಲ್ಮನ್ ಹೊತ್ತು ದಡಕ್ಕೆ ತರುವ ಕೆಲಸ. ಹೆಸರೂ ಬದಲಾಗಿ ‘ಜೆಮಿನಿ’ ಆಯಿತು. ಅಂದರೆ ಈ ಒಂದು ಬೋಟು ಹೋದ ದಾರಿ ಹಿಡಿದು ನಡೆದರೆ, ಪೆಸಿಫಿಕ್ ಸಾಗರದಲ್ಲಿ ಮೀನು ಒಂದೊಂದಾಗಿ ಹೇಗೆ ಕಮ್ಮಿಯಾಯಿತು ಅನ್ನೋದು ಗೊತ್ತಾಗುತ್ತೆ.

ಸರಿ, ಈಗ ತೀರ್ಮಾನದ ಪ್ರಶ್ನೆ. ಹಳೇ ಮರದ ಬೋಟು ಕೈಗೆ ಬಂದರೆ ಏನೇನು ಮಾಡಬಹುದು?

ಒಂದು, ಒಡೆದು ಹಾಕೋದು. ಹೆಚ್ಚಿನ ಬೋಟುಗಳ ಗತಿ ಇದೇ. ಬ್ರಿಟನ್‌ನಲ್ಲಿ 1990ರ ದಶಕದಲ್ಲಿ ಮೀನುಗಾರಿಕೆ ಕಡಿಮೆ ಮಾಡೋಕೆ ಸರ್ಕಾರ ಬೋಟು ಮಾಲೀಕರಿಗೆ ಪರಿಹಾರ ಕೊಟ್ಟಿತು. ಆದರೆ ಬೋಟನ್ನ ಒಡೆದು ಹಾಕಬೇಕು ಅನ್ನೋ ಷರತ್ತಿತ್ತು. ಗಟ್ಟಿಮುಟ್ಟಾದ ಎಷ್ಟೋ ಮರದ ಬೋಟುಗಳು ಯಂತ್ರದ ಬಾಯಿಗೆ ಹೋದವು.

ಎರಡು, ದಾಖಲೆ ಮಾಡಿ ಬಿಟ್ಟುಬಿಡೋದು. ಅಳತೆ, ನಕ್ಷೆ, ಫೋಟೊ ಎಲ್ಲ ತೆಗೆದಿಟ್ಟು, ಆಮೇಲೆ ಬಿಚ್ಚೋದು. ಎಲ್ಲವನ್ನೂ ಉಳಿಸಲು ಆಗಲ್ಲ ಅಂತ ಒಪ್ಪಿಕೊಂಡೇ ಬ್ರಿಟನ್‌ನ ನ್ಯಾಷನಲ್ ಹಿಸ್ಟಾರಿಕ್ ಶಿಪ್ಸ್ ಸಂಸ್ಥೆ ಇದಕ್ಕೂ ಮಾರ್ಗಸೂಚಿ ಮಾಡಿದೆ. ಖರ್ಚು ಕಡಿಮೆ, ಜ್ಞಾನ ಉಳಿಯುತ್ತೆ.

ಮೂರು, ಅಲಂಕಾರಕ್ಕೆ ಇಡೋದು. ವೆಸ್ಟರ್ನ್ ಫ್ಲೈಯರ್‌ಗೂ ಈ ಗತಿ ಬರುವುದರಲ್ಲಿತ್ತು. ಆಗಿನ ಮಾಲೀಕರು ಅದನ್ನ ಸ್ಟೈನ್‌ಬೆಕ್ ಹುಟ್ಟಿದ ಸಲಿನಾಸ್ ಊರಿಗೆ ತಂದು ಹೋಟೆಲಿನ ಒಳಗೆ ಇಡಬೇಕು ಅಂತಿದ್ದರು. ಸಲಿನಾಸ್‌ನಲ್ಲಿ ಸಮುದ್ರವೇ ಇಲ್ಲ.

ನಾಲ್ಕು, ಕಸುಬುದಾರರ ಕೈಗೆ ಕೊಟ್ಟು ಪೂರ್ತಿ ರಿಪೇರಿ ಮಾಡಿಸಿ ಮತ್ತೆ ಕಡಲಿಗೆ ಇಳಿಸೋದು. 2015ರಲ್ಲಿ ಬೋಟು ಕೊಂಡ ಜಾನ್ ಗ್ರೆಗ್ ಅನ್ನೋ ಭೂವಿಜ್ಞಾನಿ ಈ ದಾರಿ ಹಿಡಿದರು. ಪೋರ್ಟ್ ಟೌನ್‌ಸೆಂಡ್ ಅನ್ನೋ ಊರಿನ ಬೋಟು ಕಟ್ಟುವವರ ಸಹಕಾರಿ ಸಂಘ ಕೆಲಸ ಹಿಡಿಯಿತು.

ಇದು ಬಣ್ಣ ಬಳಿಯುವ ಕೆಲಸ ಅಲ್ಲ. ಮರದ ಬೋಟನ್ನ ಕೊಳೆಸೋದು ಉಪ್ಪುನೀರಿಗಿಂತ ಮಳೆನೀರು. ಡೆಕ್ಕಿನ ಸಂದಿಯಿಂದ ಇಳಿದು ಒಳಗೆ ನಿಂತರೆ ಶಿಲೀಂಧ್ರ ಹಿಡಿಯುತ್ತೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರ ತಿನ್ನುತ್ತೆ. ನೀರೊಳಗಿನ ಭಾಗಕ್ಕೆ ಮರ ಕೊರೆಯುವ ಹುಳದ ಕಾಟ. ವರ್ಷ ಕಳೆದ ಹಾಗೆ ಎರಡೂ ತುದಿ ಜೋತು ಬಿದ್ದು, ಬೆನ್ನು ಡೊಂಕಾಗುತ್ತೆ. ತಿಳಿದವರು ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿಯೇ ಗಟ್ಟಿ ಯಾವುದು, ಟೊಳ್ಳು ಯಾವುದು ಹೇಳ್ತಾರೆ. ಎಲ್ಲ ಒಮ್ಮೆಲೇ ಬಿಚ್ಚಿದರೆ ಬೋಟು ತನ್ನ ಆಕಾರವನ್ನೇ ಕಳೆದುಕೊಳ್ಳುತ್ತೆ. ಅದಕ್ಕೇ ಆಧಾರ ಕೊಟ್ಟು, ಒಂದು ತೆಗೆದು ಒಂದು ಹಾಕಬೇಕು: ಮೊದಲು ಒಳಗಿನ ಪಕ್ಕೆಲುಬಿನಂಥ ಮರಗಳು, ಆಮೇಲೆ ಹೊರಗಿನ ಹಲಗೆಗಳು, ಕೊನೆಗೆ ಸಂದಿಗೆ ಹತ್ತಿ ನೂಲು ತುರುಕೋದು. ಹೀಗೆ ವರ್ಷಗಟ್ಟಲೆ ಕೆಲಸ.

ಕೊನೆಗೆ ಕೆಳಗಿನ ಒಡಲಿನ ಬಹುಪಾಲು ಹೊಸ ಮರವೇ ಆಯಿತು. ಮೇಲಿನ ಚಾಲಕನ ಕೋಣೆಯನ್ನ ಇಡಿಯಾಗಿ ಎತ್ತಿಟ್ಟು, ಅದರ ಹಳೇ ಮರ ಸಾಕಷ್ಟು ಉಳಿಸಿಕೊಂಡರು. ಅಷ್ಟಕ್ಕೆ ಕೆಲವರು ಕೇಳ್ತಾರೆ: ಮರವೇ ಬೇರೆ ಅಂದ ಮೇಲೆ ಇದು ಅದೇ ಬೋಟಾ?

ನಮ್ಮೂರ ತೇರನ್ನ ನೆನೆಸಿಕೊಳ್ಳಿ. ಗಾಲಿ ಬದಲಾಗುತ್ತೆ, ಅಚ್ಚು ಬದಲಾಗುತ್ತೆ, ಒಂದೊಂದು ತಲೆಮಾರಿಗೆ ಒಂದೊಂದು ಭಾಗ ಹೊಸದು. ಆದರೂ ಊರಿಗೆ ಅದು ಅದೇ ತೇರು. ಯಾಕಂದ್ರೆ ಪ್ರತಿ ವರ್ಷ ಅದನ್ನ ಎಳೀತಾರೆ. ಬೋಟೂ ಹಾಗೇ. ದುಡಿಯುವ ಮರದ ಬೋಟಿಗೆ ಹಲಗೆ ಬದಲಾಗೋದು ಮಾಮೂಲಿ ಸಂಗತಿ. ಬದಲಾಗೋದು ನಿಂತಾಗಲೇ ಅದು ಸಾಯೋಕೆ ಶುರು.

ಇದಕ್ಕಿಂತ ಗಟ್ಟಿ ಆಕ್ಷೇಪ ದುಡ್ಡಿನದು. ಅಷ್ಟು ಹಣದಲ್ಲಿ ಹೊಸ ಸಂಶೋಧನಾ ಬೋಟು ಬರುತ್ತಿರಲಿಲ್ವಾ? ಇನ್ನೂ ಒಂದು ಮಾತಿದೆ: ನೊಬೆಲ್ ಲೇಖಕ ಹತ್ತಿದ ಬೋಟು ಉಳಿಯಿತು, ಯಾವ ಲೇಖಕನೂ ಹತ್ತದ, ಮೀನುಗಾರರಷ್ಟೇ ದುಡಿದ ಸಾವಿರಾರು ಬೋಟುಗಳು ಹೋದವು. ಈ ಮಾತಿಗೆ ಪೂರ್ತಿ ಉತ್ತರ ಇಲ್ಲ. ನಮ್ಮ ಕರಾವಳಿಯಲ್ಲೂ ಪರ್ಸೀನ್ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಆ ದೊಡ್ಡ ದೋಣಿಗಳಿಗೆ ಯಾವ ಸ್ಟೈನ್‌ಬೆಕ್ಕೂ ಸಿಗಲಿಲ್ಲ.

ಆದರೂ ಗ್ರೆಗ್ ತೀರ್ಮಾನ ಸರಿ ಅಂತ ನನಗನ್ನಿಸೋದು ಒಂದೇ ಕಾರಣಕ್ಕೆ. ರಿಪೇರಿ ಮುಗಿದ ಮಾರನೇ ದಿನ ಬೋಟು ಏನು ಮಾಡಬೇಕು ಅನ್ನೋದು ಅವರಿಗೆ ಮೊದಲೇ ಗೊತ್ತಿತ್ತು. ಮೀನು ತುಂಬುತ್ತಿದ್ದ ಜಾಗದಲ್ಲಿ ಪ್ರಯೋಗಾಲಯ ಬಂತು. ಡೀಸೆಲ್ ಜೊತೆ ವಿದ್ಯುತ್ತಿನಲ್ಲೂ ಓಡುವ ವ್ಯವಸ್ಥೆ ಬಂತು. 2022ರಲ್ಲಿ ನೀರಿಗಿಳಿದ ಬೋಟು, 2023ರ ನವೆಂಬರ್‌ನಲ್ಲಿ ಮಾಂಟೆರೆಗೆ ವಾಪಸ್ ಬಂತು, ವಿದ್ಯಾರ್ಥಿಗಳಿಗೆ ಸಮುದ್ರ ಕಲಿಸೋಕೆ. ಒಂದು ಕಾಲಕ್ಕೆ ಮೀನು ಬರಿದು ಮಾಡೋದರಲ್ಲಿ ಪಾಲು ಪಡೆದ ಬೋಟು, ಈಗ ಅದೇ ಸಮುದ್ರವನ್ನ ಅರ್ಥ ಮಾಡಿಸೋ ಕೆಲಸದಲ್ಲಿದೆ.

ಹಾಗಾಗಿ ನಿಮ್ಮೂರಲ್ಲಿ ದಡಕ್ಕೆ ಬಿದ್ದ ಹಳೇ ದೋಣಿ ಉಳಿಸಬೇಕಾ ಅನ್ನೋ ಚರ್ಚೆ ಬಂದರೆ, ಎಷ್ಟು ಹಳೇದು, ಎಷ್ಟು ಖರ್ಚು ಅನ್ನೋದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿ: ಇದು ಮುಂದೆ ಯಾರ ಕೈಯಲ್ಲಿ, ಯಾವ ಕೆಲಸ ಮಾಡುತ್ತೆ? ಉತ್ತರ ಇದ್ದರೆ ಕಸುಬುದಾರರನ್ನ ಕರೆಸಿ. ಇಲ್ಲದಿದ್ದರೆ ಅಳತೆ ತೆಗೆದಿಡಿ, ಫೋಟೊ ತೆಗೆಯಿರಿ, ಅದರಲ್ಲಿ ದುಡಿದವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಅದಕ್ಕೆ ನಿಮ್ಮ ಕೈಯಲ್ಲಿರೋ ಫೋನೇ ಸಾಕು.