ಪವರ್ ಟಿಲ್ಲರ್ ಎಂಜಿನ್ ಪದೇ ಪದೇ ನಿಲ್ಲುವುದಕ್ಕೆ ಕಾರಣಗಳು ಮತ್ತು ಪರಿಹಾರ ಕ್ರಮಗಳು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರ ಹಾಗೂ ಹಿರೇಕೆರೂರ ತಾಲೂಕುಗಳಲ್ಲಿ ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ ಹಾಗೂ ತೋಟಗಳ ಸಾಗುವಳಿಗೆ ಪವರ್ ಟಿಲ್ಲರ್ ಉಪಯುಕ್ತ ಯಂತ್ರವಾಗಿದೆ. ಮಳೆ ಬಿದ್ದು ಭೂಮಿ ಹದಗೊಂಡ ಕೆಲವೇ ದಿನಗಳಲ್ಲಿ ಉಳುಮೆ ಮತ್ತು ಬಿತ್ತನೆ ಮುಗಿಯಬೇಕಾಗಿರುವುದರಿಂದ, ಆ ಸಮಯದಲ್ಲಿ ಎಂಜಿನ್ ನಿಂತರೆ ಹದ ತಪ್ಪುವುದಲ್ಲದೆ ಕೂಲಿಯೂ ವ್ಯರ್ಥವಾಗುತ್ತದೆ. ಇಂತಹ ದೋಷಗಳಲ್ಲಿ ಅನೇಕವು ಡೀಸೆಲ್ ಅಥವಾ ಗಾಳಿಯ ಪೂರೈಕೆಗೆ ಸಂಬಂಧಿಸಿದ್ದು, ಹೊಲದಲ್ಲಿಯೇ ಸರಿಪಡಿಸಲು ಸಾಧ್ಯವಿದೆ. ಆದ್ದರಿಂದ ಯಾವುದೇ ಭಾಗವನ್ನು ಬಿಚ್ಚುವ ಮೊದಲು ಎಂಜಿನ್ ಯಾವ ರೀತಿಯಲ್ಲಿ ನಿಂತಿತು ಎಂಬುದನ್ನು ಗಮನಿಸತಕ್ಕದ್ದು.

ಲಕ್ಷಣಗಳು ಮತ್ತು ಕಾರಣಗಳು

1. ಸ್ವಲ್ಪ ಹೊತ್ತು ನಡೆದು ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದ ನಂತರ ಪುನಃ ನಡೆಯುವುದು: ಮುಚ್ಚಳದ ಗಾಳಿರಂಧ್ರದಲ್ಲಿ ಧೂಳು ತುಂಬಿರುತ್ತದೆ. ರಂಧ್ರವನ್ನು ಸ್ವಚ್ಛಗೊಳಿಸಿದರೆ ಸಾಕು.

2. ವೇಗ ಏರಿಳಿತವಾಗಿ, ಕ್ರಮೇಣ ಕುಗ್ಗಿ ನಿಲ್ಲುವುದು: ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರುವುದು, ಡೀಸೆಲ್‌ನಲ್ಲಿ ನೀರು ಸೇರಿರುವುದು ಅಥವಾ ಕೊಳವೆಯಲ್ಲಿ ಗಾಳಿ ಸೇರಿರುವುದು ಇದಕ್ಕೆ ಕಾರಣ.

3. ಕಪ್ಪು ಹೊಗೆ ಬಿಟ್ಟು ನಿಲ್ಲುವುದು: ಏರ್ ಕ್ಲೀನರ್ ಕಟ್ಟಿಕೊಂಡಿರುತ್ತದೆ ಅಥವಾ ಎಂಜಿನ್ ಮೇಲೆ ಭಾರ ಹೆಚ್ಚಾಗಿರುತ್ತದೆ. ಅಂಟುವ ಎರೆಮಣ್ಣಿನಲ್ಲಿ ಉಳುಮೆಯ ಆಳವನ್ನು ಕಡಿಮೆ ಮಾಡಿ, ಕೆಳ ಗೇರಿನಲ್ಲಿ ನಡೆಸತಕ್ಕದ್ದು.

4. ಬಿಸಿಯೇರಿ ನಿಂತು, ಹ್ಯಾಂಡಲ್ ತಿರುಗಿಸಲು ಬಿಗಿಯಾಗುವುದು: ತಂಪುಗೊಳಿಸುವ ನೀರು ಅಥವಾ ಎಂಜಿನ್ ಆಯಿಲ್ ಕಡಿಮೆಯಾಗಿರುವ ಸಂಭವವಿದೆ. ಬಲವಂತವಾಗಿ ಚಾಲೂ ಮಾಡಬಾರದು. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು. ತಾನಾಗಿ ಆರಿದ ಮೇಲೆಯೇ ಪರಿಶೀಲಿಸತಕ್ಕದ್ದು.

ಡೀಸೆಲ್ ಕೊಳವೆಯಿಂದ ಗಾಳಿ ತೆಗೆಯುವ ವಿಧಾನ

ಟ್ಯಾಂಕ್ ಪೂರ್ತಿ ಖಾಲಿಯಾದಾಗ ಅಥವಾ ಫಿಲ್ಟರ್ ಬದಲಾಯಿಸಿದಾಗ ಕೊಳವೆಯಲ್ಲಿ ಗಾಳಿ ಸೇರುತ್ತದೆ. ಡೀಸೆಲ್ ತುಂಬಿದ ಮಾತ್ರಕ್ಕೆ ಎಂಜಿನ್ ಚಾಲೂ ಆಗದಿರುವುದಕ್ಕೆ ಇದೇ ಕಾರಣ. ಆಗ ಈ ಕೆಳಗಿನ ಕ್ರಮ ಅನುಸರಿಸಬಹುದು:

1. ಟ್ಯಾಂಕಿಗೆ ಶುದ್ಧ ಡೀಸೆಲ್ ಹಾಕಿ ಕಾಕ್ ತೆರೆಯಬೇಕು.
2. ಫಿಲ್ಟರ್ ಮೇಲಿನ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆಗಳು ನಿಂತು ಡೀಸೆಲ್ ಒಂದೇ ಸಮನೆ ಹರಿದ ನಂತರ ಬಿಗಿಗೊಳಿಸಬೇಕು.
3. ಪಂಪಿನ ಬಳಿ ಇರುವ ಸ್ಕ್ರೂವಿಗೂ ಇದೇ ಕ್ರಮ ಅನುಸರಿಸಬೇಕು.
4. ಕೊನೆಯಲ್ಲಿ ಹ್ಯಾಂಡಲ್‌ನಿಂದ ಎಂಜಿನ್ ತಿರುಗಿಸಿ ಚಾಲೂ ಮಾಡಬೇಕು.

ಇಷ್ಟಾದರೂ ಗುಳ್ಳೆಗಳು ಬರುತ್ತಲೇ ಇದ್ದರೆ ಕೊಳವೆ ಬಿರುಕು ಬಿಟ್ಟಿರುತ್ತದೆ ಅಥವಾ ಜೋಡಣೆಯ ವಾಷರ್ ಹಾಳಾಗಿರುತ್ತದೆ.

ಮುನ್ನೆಚ್ಚರಿಕೆಗಳು

* ಪರಿಶೀಲನೆಗೆ ಮೊದಲು ಎಂಜಿನ್ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತರತಕ್ಕದ್ದು. ರೋಟರಿ ಬ್ಲೇಡಿಗೆ ಸುತ್ತಿಕೊಂಡ ಹುಲ್ಲನ್ನು ಎಂಜಿನ್ ನಡೆಯುತ್ತಿರುವಾಗ ತೆಗೆಯಬಾರದು.
* ನಾಝಲ್‌ನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಕೈ ಒಡ್ಡಿ ಪರೀಕ್ಷಿಸಬಾರದು. ಹಾಗೇನಾದರೂ ಆದಲ್ಲಿ, ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು.
* ಮುಚ್ಚಿದ ಕೊಠಡಿಯಲ್ಲಿ ಎಂಜಿನ್ ಚಾಲೂ ಮಾಡಬಾರದು. ಅದರ ಹೊಗೆಯಲ್ಲಿನ ವಿಷಾನಿಲ ಪ್ರಾಣಾಪಾಯ ಉಂಟುಮಾಡಬಲ್ಲದು.

ನಿರ್ವಹಣೆ ಮತ್ತು ವೆಚ್ಚ

ಡೀಸೆಲ್‌ಅನ್ನು ಸೋಸಿ ಹಾಕುವುದು, ಪ್ರತಿದಿನ ಏರ್ ಕ್ಲೀನರ್, ನೀರು ಮತ್ತು ಆಯಿಲ್ ಮಟ್ಟ ಪರಿಶೀಲಿಸುವುದು, ಕೈಪಿಡಿಯಲ್ಲಿ ಸೂಚಿಸಿದ ಗಂಟೆಗಳಿಗೆ ಸರಿಯಾಗಿ ಫಿಲ್ಟರ್ ಬದಲಾಯಿಸುವುದು ಅವಶ್ಯ. ಫಿಲ್ಟರಿನ ವೆಚ್ಚ ಉಳಿಸಲು ಹೋದರೆ ಪಂಪ್ ಮತ್ತು ನಾಝಲ್ ಸವೆದು ಅದಕ್ಕಿಂತ ಹೆಚ್ಚಿನ ಖರ್ಚು ಬರುತ್ತದೆ. ಎಂಜಿನ್ ನಡೆದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸಿ, ಬಿಡಿಭಾಗಗಳ ರಸೀದಿಗಳನ್ನು ಕಾಯ್ದಿರಿಸುವುದು ಸೂಕ್ತ.

ಮೇಲಿನ ಕ್ರಮಗಳಿಂದ ದೋಷ ನಿವಾರಣೆಯಾಗದಿದ್ದಲ್ಲಿ ಪಂಪ್, ನಾಝಲ್ ಅಥವಾ ಗವರ್ನರನ್ನು ಸ್ವತಃ ಬಿಚ್ಚದೆ ನುರಿತ ಮೆಕ್ಯಾನಿಕರಿಗೆ ತೋರಿಸತಕ್ಕದ್ದು. ದುರಸ್ತಿಗೆ ವಿಳಂಬವಾಗುವಂತಿದ್ದರೆ ಬಿತ್ತನೆ ನಿಲ್ಲದಂತೆ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ಯಂತ್ರದ ಲಭ್ಯತೆಯನ್ನು ವಿಚಾರಿಸಬಹುದು. ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.