ಮೂರು ಸೆಂಟಿನ ಮೇಯರು

ಏಕಸ್ವಾಮ್ಯದ ರುಚಿಯನ್ನು ಟಾಮ್ ಜಾನ್ಸನ್ನನು ಹನ್ನೊಂದನೆಯ ವಯಸ್ಸಿನಲ್ಲಿಯೇ ಕಂಡನು. ಅವನು ಹುಟ್ಟಿದ್ದು 1854ರಲ್ಲಿ, ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ. ಅಂತರ್ಯುದ್ಧದಲ್ಲಿ ದಕ್ಷಿಣದ ಪಕ್ಷ ವಹಿಸಿದ್ದ ತಂದೆ 1865ರ ಹೊತ್ತಿಗೆ ಸಿರಿಯನ್ನೆಲ್ಲ ಕಳೆದುಕೊಂಡಿದ್ದನು. ಆಗ ವರ್ಜೀನಿಯದ ಸ್ಟಾಂಟನ್ ಊರಿಗೆ ಬರುತ್ತಿದ್ದ ರೈಲಿನ ಕಂಡಕ್ಟರು ಈ ಹುಡುಗನ ಮೇಲಿನ ಮಮತೆಯಿಂದ, ವೃತ್ತಪತ್ರಿಕೆಗಳನ್ನು ತರಿಸಿ ಮಾರುವ ಅವಕಾಶವನ್ನು ಇವನೊಬ್ಬನಿಗೇ ಕೊಟ್ಟನು. ಪೈಪೋಟಿಯಿಲ್ಲದ ವ್ಯಾಪಾರ, ಕೇಳಿದ್ದೇ ಬೆಲೆ! ಐದು ವಾರಗಳಲ್ಲಿ 88 ಡಾಲರು ಬೆಳ್ಳಿನಾಣ್ಯ ಕೂಡಿತು. ಕಂಡಕ್ಟರು ಬದಲಾದನು, ವ್ಯಾಪಾರವೂ ಮುಗಿಯಿತು.

ಮುಂದೆ ಲೂಯಿವಿಲ್ಲಿನ ಟ್ರಾಮ್ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿ, ಪ್ರಯಾಣಿಕರು ಕಾಸು ಹಾಕುವ ಗಾಜಿನ ಪೆಟ್ಟಿಗೆಯೊಂದನ್ನು ಕಂಡುಹಿಡಿದನು. ಒಳಗೆ ಬಿದ್ದ ನಾಣ್ಯ ಎಲ್ಲರ ಕಣ್ಣಿಗೂ ಕಾಣುವುದರಿಂದ ಕದಿಯುವುದು ಸುಲಭವಲ್ಲ. ಅದರ ಆದಾಯ ಅವನ ವ್ಯವಹಾರಕ್ಕೆ ಬಲವಾಯಿತು. ಇಂಡಿಯಾನಾಪೊಲಿಸ್, ಕ್ಲೀವ್‌ಲ್ಯಾಂಡ್ ಮೊದಲಾದ ನಗರಗಳ ಟ್ರಾಮ್ ದಾರಿಗಳಿಂದಲೂ ಉಕ್ಕಿನ ಕಾರ್ಖಾನೆಗಳಿಂದಲೂ ಲಕ್ಷಾಧೀಶನಾದನು.

ಅಂಥವನ ಕೈಗೆ ಹೆನ್ರಿ ಜಾರ್ಜನ ಪುಸ್ತಕವೊಂದು ಬಿದ್ದಿತು. ಅದೂ ರೈಲಿನಲ್ಲಿಯೇ, ಪುಸ್ತಕ ಮಾರುವ ಹುಡುಗನಿಂದ! ಸಮಾಜವೆಲ್ಲ ಸೇರಿ ಬೆಳೆಸಿದ ನೆಲದ ಬೆಲೆಯನ್ನು ಕೆಲವರೇ ಅನುಭವಿಸುವುದು ಅನ್ಯಾಯವೆಂಬ ಆ ವಾದವನ್ನು ಓದಿ, ತನ್ನ ಐಶ್ವರ್ಯದ ಬೇರೂ ಅಂಥದೇ ವಿಶೇಷಾಧಿಕಾರದಲ್ಲಿದೆಯೆಂದು ಜಾನ್ಸನ್ನನು ತಿಳಿದನು. ತಿಳಿಯುವವರು ಬಹಳ ಮಂದಿ; ತಿಳಿದಂತೆ ನಡೆದವರನ್ನು ಬೆರಳಿನಲ್ಲಿ ಎಣಿಸಬಹುದು.

1901ರಲ್ಲಿ ಅವನು ಕ್ಲೀವ್‌ಲ್ಯಾಂಡಿನ ಮೇಯರನಾದನು. ಐದು ಸೆಂಟಿನ ಟ್ರಾಮ್ ದರ ಮೂರಕ್ಕೆ ಇಳಿಯಬೇಕೆಂಬುದು ಅವನ ಘೋಷಣೆ. ನಮಗೆ ಎರಡು ಸೆಂಟು ಅಲ್ಪವೆನಿಸಬಹುದು. ದಿನಕ್ಕೆರಡು ಸಲ ಗಾಡಿ ಹತ್ತುವ ಕೂಲಿಕಾರನಿಗೆ ಹಾಗಲ್ಲ. ಸರ್ಕಸ್ಸಿನಂಥ ಡೇರೆ ಹಾಕಿಸಿ, ಕೇಳುವವರ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಹೇಳುತ್ತಿದ್ದನು. ಧ್ವನಿವರ್ಧಕವಿಲ್ಲದ ಕಾಲವೆಂಬುದನ್ನು ವಾಚಕರು ನೆನೆಯಬೇಕು. ಉದ್ಯಾನಗಳಲ್ಲಿದ್ದ ‘ಹುಲ್ಲನ್ನು ತುಳಿಯಬಾರದು’ ಎಂಬ ಫಲಕಗಳನ್ನು ಕೀಳಿಸಿದನು. ಕೂಲಿ ಎಂಬ ಪಾದ್ರಿಯ ಮೇಲ್ವಿಚಾರಣೆಯಲ್ಲಿ ನಗರದ ಹೊರಗೆ ವಿಶಾಲವಾದ ಹೊಲಗಳನ್ನು ಕೊಂಡು, ಸಣ್ಣ ಅಪರಾಧಗಳ ಕೈದಿಗಳನ್ನು ಗೋಡೆಯೊಳಗಿಂದ ಅಲ್ಲಿಗೆ ಕಳುಹಿಸಿದನು. ಟ್ರಾಮಿನ ಗದ್ದಲದಲ್ಲಿ ಇದನ್ನು ಮರೆಯುವವರುಂಟು. ನನಗಂತೂ ಇದೇ ಅವನ ಹಿರಿಯ ಕೆಲಸವಾಗಿ ತೋರುತ್ತದೆ.

ಕಂಪೆನಿಗಳು ಸುಮ್ಮನಿರಲಿಲ್ಲ. ಒಂದರ ಮೇಲೊಂದು ತಡೆಯಾಜ್ಞೆ ತಂದುವು. ಆದರೂ 1906ರಲ್ಲಿ ಮೂರು ಸೆಂಟಿನ ಮೊದಲ ಗಾಡಿ ಓಡಿತು. 1908ರಲ್ಲಿ ಊರಿನ ಟ್ರಾಮುಗಳೆಲ್ಲವೂ ಅವನ ಪಕ್ಷದವರ ಆಡಳಿತಕ್ಕೆ ಬಂದುವು. ಗೆದ್ದೆವೆನ್ನುವ ಹೊತ್ತಿಗೇ ಕಾರ್ಯ ಕೆಟ್ಟಿತು. ನೌಕರರು ಮುಷ್ಕರ ಹೂಡಿದರು. ಗಾಡಿಗಳ ಏರ್ಪಾಟು ಬದಲಾದುದರಿಂದ ಪ್ರಯಾಣಿಕರೂ ಗೊಣಗಿದರು. ಎದುರಾಳಿಗಳ ಒಳಸಂಚನ್ನಷ್ಟೇ ಇದಕ್ಕೆ ಕಾರಣವೆನ್ನುವುದು ಸರಿಯಲ್ಲ. ಅವಸರ ಜಾನ್ಸನ್ನನದೂ ಇತ್ತು. ಅದೇ ವರ್ಷ ಜನಮತಗಣನೆಯಲ್ಲಿ ಅಲ್ಪ ಅಂತರದಿಂದ ಯೋಜನೆ ಬಿದ್ದುಹೋಯಿತು. 1909ರ ಚುನಾವಣೆಯಲ್ಲಿ ಮೇಯರ್ ಪದವಿಯೂ ಹೋಯಿತು. ಅಷ್ಟರಲ್ಲಿ ಸಂಪತ್ತು ಕರಗಿತ್ತು, ದೇಹ ಸೋತಿತ್ತು.

ಮಾರನೆಯ ವರ್ಷ, ನ್ಯಾಯಾಧೀಶ ಟೇಲರನು ರಚಿಸಿದ ಹೊಸ ಒಪ್ಪಂದದಂತೆ ಟ್ರಾಮುಗಳು ಕಂಪೆನಿಯ ಕೈಯಲ್ಲಿಯೇ ಉಳಿದುವು. ಮೇಲ್ವಿಚಾರಣೆ ನಗರಕ್ಕೆ ಬಂದಿತು. ಆರಂಭದ ದರ ಮೂರು ಸೆಂಟು. ಆಗ ಜಾನ್ಸನ್ನನು ಅಧಿಕಾರದಲ್ಲಿರಲಿಲ್ಲ. 1911ರ ಏಪ್ರಿಲ್ 10ರಂದು ತೀರಿಕೊಂಡನು. ಬ್ರೂಕ್ಲಿನ್ನಿನ ರುದ್ರಭೂಮಿಯಲ್ಲಿ ಹೆನ್ರಿ ಜಾರ್ಜನ ಸಮಾಧಿಯ ಬಳಿಯಲ್ಲಿಯೇ ಅವನನ್ನು ಹೂಳಿದರು. ಕ್ಲೀವ್‌ಲ್ಯಾಂಡಿನ ನಡುಚೌಕದಲ್ಲಿ ಅವನ ಕಂಚಿನ ಪ್ರತಿಮೆಯಿದೆ. ಕುಳಿತ ಭಂಗಿ, ಕೈಯಲ್ಲಿ ಜಾರ್ಜನ ಪುಸ್ತಕ.